ಹೊಗೆ ಅಲಾರಂ ಅಳವಡಿಕೆ ಮತ್ತು ದುರಸ್ತಿ: ಎಲೆಕ್ಟ್ರಿಷಿಯನ್‌ರನ್ನು ಕರೆಸುವ ಮುನ್ನ ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ

ಮನೆಗೆ ಹೊಗೆ ಅಲಾರಂ ಹಾಕಿಸಬೇಕು ಎಂಬ ಆಲೋಚನೆ ಬಂದಾಗ ಗ್ರಾಮಸ್ಥರು ಅನೇಕ ವೇಳೆ ಮೊದಲು ವಿಚಾರಿಸುವುದು ತಮ್ಮ ವಾರ್ಡಿನ ಸದಸ್ಯರನ್ನು. ಪಂಚಾಯಿತಿ ಕಚೇರಿಯ ದಾಖಲೆ ಕೊಠಡಿ, ಗ್ರಂಥಾಲಯ, ಅಂಗನವಾಡಿ ಕೇಂದ್ರಗಳ ವಿಷಯದಲ್ಲಂತೂ ಯಾರಿಂದ ಕೆಲಸ ಮಾಡಿಸಬೇಕೆಂಬ ತೀರ್ಮಾನ ಸದಸ್ಯರ ಸಭೆಯಲ್ಲಿಯೇ ಆಗುತ್ತದೆ. ಆದುದರಿಂದ ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದಾಗಿ, ಎಲ್ಲ ಅಲಾರಂಗಳಿಗೂ ಎಲೆಕ್ಟ್ರಿಷಿಯನ್ ಬೇಕಾಗಿಲ್ಲ. ಕೇವಲ ಬ್ಯಾಟರಿಯಿಂದ ನಡೆಯುವ ಬಿಡಿ ಅಲಾರಂ ಅನ್ನು ಎರಡು ಸ್ಕ್ರೂಗಳಿಂದ ಛಾವಣಿಗೆ ಬಿಗಿಯಬಹುದು. ಅದನ್ನು ಮನೆಯವರೇ ಮಾಡಿಕೊಳ್ಳಬಹುದು, ಅದಕ್ಕೆ ಕೂಲಿ ತೆರುವ ಅಗತ್ಯವಿಲ್ಲ. ಮನೆಯ ವಿದ್ಯುತ್ತಿಗೆ ಜೋಡಿಸುವ ಅಲಾರಂ, ಒಂದು ಕೂಗಿದರೆ ಉಳಿದವೂ ಕೂಗುವಂತೆ ತಂತಿಯಿಂದ ಕೂಡಿಸಿದ ಅಲಾರಂಗಳು ಹಾಗೂ ಕಚೇರಿಗಳಲ್ಲಿ ಬಳಸುವ ಪ್ಯಾನೆಲ್ ವ್ಯವಸ್ಥೆ ಇವುಗಳಿಗೆ ಮಾತ್ರ ಅರ್ಹ ಎಲೆಕ್ಟ್ರಿಷಿಯನ್ ಅವಶ್ಯ. ವಿದ್ಯುತ್ ಕಡಿತ ಸಾಮಾನ್ಯವಾಗಿರುವ ನಮ್ಮ ಗ್ರಾಮಗಳಲ್ಲಿ ವಿದ್ಯುತ್ ಜೋಡಣೆಯ ಅಲಾರಂ ಕೊಳ್ಳುವುದಾದರೆ ಒಳಗೆ ಬ್ಯಾಟರಿಯೂ ಇರುವಂಥದ್ದನ್ನೇ ಕೊಳ್ಳತಕ್ಕದ್ದು.

ಎಲ್ಲಿ ಹಾಕಬೇಕೆಂಬುದು ಎಂಥದನ್ನು ಹಾಕಬೇಕೆಂಬುದರಷ್ಟೇ ಮುಖ್ಯ. ಈಗ ಹೆಚ್ಚಾಗಿ ದೊರೆಯುವ ಅಲಾರಂನ ಒಳಗೆ ಸಣ್ಣ ಕತ್ತಲೆ ಕೋಣೆಯಿದ್ದು, ಅದರೊಳಗೆ ಒಂದು ಬೆಳಕಿನ ಕಿರಣ ಹಾಯುತ್ತಿರುತ್ತದೆ. ಹೊಗೆ ಒಳಹೊಕ್ಕಾಗ ಬೆಳಕು ಚದುರಿ ಪಕ್ಕದ ಸಂವೇದಕದ ಮೇಲೆ ಬೀಳುತ್ತದೆ, ಆಗ ಅಲಾರಂ ಕೂಗುತ್ತದೆ. ಬೆಂಕಿಯ ಹೊಗೆ ಯಾವುದು, ಒಲೆಯ ಹೊಗೆ ಯಾವುದು ಎಂಬುದು ಅದಕ್ಕೆ ತಿಳಿಯದು. ಸೌದೆ ಒಲೆಯಿರುವ ಅಡುಗೆಮನೆಯಲ್ಲಿ ಹೊಗೆ ಅಲಾರಂ ಹಾಕಿದರೆ ಅದು ಅಡುಗೆಯ ಹೊತ್ತಿಗೆಲ್ಲ ಕೂಗುವುದು. ವಾರದೊಳಗೆ ಮನೆಯವರು ಬೇಸತ್ತು ಬ್ಯಾಟರಿ ಕಿತ್ತಿಡುವರು. ಅಂಥ ಸ್ಥಳಕ್ಕೆ ಶಾಖವನ್ನು ಗುರುತಿಸುವ ಅಲಾರಂ ಸೂಕ್ತ. ಹೊಗೆ ಅಲಾರಂ ಮಲಗುವ ಕೋಣೆಯಲ್ಲಿ ಹಾಗೂ ಅಲ್ಲಿಂದ ಹೊರಬರುವ ನಡುಮನೆಯಲ್ಲಿ ಇರಲಿ. ಛಾವಣಿಯ ನಡುಭಾಗ ಉತ್ತಮ. ಗೋಡೆಯ ಮೂಲೆಯಲ್ಲಿ ಗಾಳಿ ನಿಶ್ಚಲವಾಗಿರುವುದರಿಂದ ಅಲ್ಲಿಗೆ ಹೊಗೆ ತಡವಾಗಿ ತಲುಪುತ್ತದೆ, ಫ್ಯಾನಿನ ಬಳಿಯಾದರೆ ಹೊಗೆ ಚದುರಿಹೋಗುತ್ತದೆ. ಅಡುಗೆ ಅನಿಲದ ಸೋರಿಕೆಯನ್ನು ತಿಳಿಸುವ ಸಾಧನವೇ ಬೇರೆ. ಆ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ ಅದನ್ನು ನೆಲಕ್ಕೆ ಸಮೀಪದಲ್ಲಿ ಅಳವಡಿಸಬೇಕು. ಛಾವಣಿಗೆ ಹೊಂದಿಸಲು ಹೊರಡುವವರು ಈ ಕೆಲಸ ತಿಳಿದವರಲ್ಲವೆಂದೇ ಭಾವಿಸಬಹುದು.

ಇನ್ನು ಎಲೆಕ್ಟ್ರಿಷಿಯನ್ ಆಯ್ಕೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಗಳನ್ನು ಹೊರತುಪಡಿಸಿ, ಹೊಸ ವೈರಿಂಗ್ ಮತ್ತು ಅದರ ವಿಸ್ತರಣೆಯನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ಉಸ್ತುವಾರಿಯಲ್ಲಿ, ಪರ್ಮಿಟ್ ಹೊಂದಿದ ವೈರ್‌ಮನ್‌ರಿಂದ ಮಾಡಿಸಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಈ ಪರವಾನಗಿ ಮತ್ತು ಪರ್ಮಿಟ್‌ಗಳ ವಿಷಯ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದುದು. ಪರ್ಮಿಟ್ ತೋರಿಸಿರೆಂದು ಕೇಳುವುದು ಅವಿಶ್ವಾಸದ ಮಾತಲ್ಲ. ಅದರಲ್ಲಿರುವ ಹೆಸರು, ಸಂಖ್ಯೆ ಮತ್ತು ಅವಧಿಯನ್ನು ನೋಡಿ, ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು.

ಲೈನ್‌ಮನ್‌ಗೆ ಹೇಳಿ ಮಾಡಿಸೋಣ ಎನ್ನುವ ರೂಢಿ ಹಲವೆಡೆ ಇದೆ. ವಿದ್ಯುತ್ ಸರಬರಾಜು ಕಂಪನಿಯ ಹೊಣೆ ಮೀಟರಿನವರೆಗೆ ಮಾತ್ರ; ಅಲ್ಲಿಂದ ಒಳಗಿನದು ಗ್ರಾಹಕರ ಹೊಣೆ. ಊರಿನಲ್ಲಿ ಪರ್ಮಿಟ್ ಇಲ್ಲದೆ ಕೆಲಸ ಮಾಡುತ್ತಿರುವ ಕೈಚಳಕದ ಯುವಕರೂ ಇರುತ್ತಾರೆ. ಅವರನ್ನು ದೂರವಿಡುವುದಕ್ಕಿಂತ, ಪರ್ಮಿಟ್ ಪಡೆಯುವ ದಾರಿಯನ್ನು ತಿಳಿಸಿ, ಅಲ್ಲಿಯವರೆಗೆ ಪರವಾನಗಿದಾರರ ಕೈಕೆಳಗೆ ಸಹಾಯಕರಾಗಿ ದುಡಿಯುವಂತೆ ಮಾಡುವುದು ಲೇಸು. ಆದರೆ ನಮ್ಮ ಹುಡುಗನೆಂಬ ಕಾರಣಕ್ಕೆ ಅಂಗನವಾಡಿಯ ವೈರಿಂಗನ್ನು ಅವರೊಬ್ಬರ ಕೈಗೇ ಒಪ್ಪಿಸುವುದು ಸರಿಯಲ್ಲ.

ಬಂದವರು ಕೆಲಸ ಬಲ್ಲವರೇ ಎಂಬುದನ್ನು ತಿಳಿಯಲು ಒಂದು ಸುಲಭ ಲಕ್ಷಣವಿದೆ. ಬಲ್ಲವರು ಅಲಾರಂ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಮುಖ್ಯ ಸ್ವಿಚ್ಚಿನ ಹಲಗೆಯನ್ನು ನೋಡುತ್ತಾರೆ. ಅಲಾರಂ ಬೆಂಕಿಯನ್ನು ತಿಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ಬೆಂಕಿಗೆ ಎಡೆಯಾಗುವುದು ಟೇಪು ಸುತ್ತಿದ ಸಡಿಲ ಜೋಡಣೆ, ತೆಳುವಾದ ತಂತಿಯ ಮೇಲೆ ಹೇರಿದ ಹೆಚ್ಚಿನ ಹೊರೆ, ಫ್ಯೂಸ್ ತಂತಿಯ ಬದಲಿಗೆ ಸುತ್ತಿದ ದಪ್ಪ ತಾಮ್ರದ ಎಳೆ ಮುಂತಾದವು. ಹಳೆಯ ವೈರಿಂಗ್ ಇರುವ ಕಡೆ ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್‌ನಲ್ಲಿ ನಿರೋಧಕ ಪರೀಕ್ಷೆ ನಡೆಸಿದರೆ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದೆಯೇ ಎಂದೂ ನೋಡಿಸಬೇಕು. ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆಯುಂಟು. ಅದು ಹೆಚ್ಚಿನ ಹೊರೆ ಮತ್ತು ಶಾರ್ಟ್ ಸರ್ಕಿಟ್‌ಗೆ ಮಾತ್ರ ಬೀಳುತ್ತದೆ. ಮನುಷ್ಯರಿಗೆ ಶಾಕ್ ತಗಲಿದಾಗ ಸಂಪರ್ಕ ಕಡಿಯಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಅಲಾರಂಗೆ ಕೊಡುವ ವಿದ್ಯುತ್ತು ಯಾವುದೇ ಕೋಣೆಯ ಸ್ವಿಚ್ಚಿನ ಮೂಲಕ ಬರಕೂಡದು. ದೀಪ ಆರಿಸಿದೊಡನೆ ಅಲಾರಂನ ಸಂಪರ್ಕವೂ ತಪ್ಪುವಂತಾಗಬಾರದು.

ಪಂಚಾಯಿತಿ ಕಟ್ಟಡಗಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ರಾತ್ರಿ ಬೀಗ ಹಾಕಿದ ಕಚೇರಿಯೊಳಗೆ ಅಲಾರಂ ಎಷ್ಟು ಕೂಗಿದರೂ ಕೇಳುವವರಿಲ್ಲ. ಜನ್ಮ ಮರಣ ನೋಂದಣಿ ವಹಿ, ತೆರಿಗೆ ದಾಖಲೆ, ನಡವಳಿ ಪುಸ್ತಕಗಳಿರುವ ಕೋಣೆಗೆ ಒಳಗಿನ ಅಲಾರಂನೊಂದಿಗೆ ಹೊರಗೋಡೆಯ ಮೇಲೆ ಒಂದು ಸೈರನ್ನೂ ಬೇಕು. ಅದು ಕೂಗಿದರೆ ಏನು ಮಾಡಬೇಕೆಂದು ಎದುರುಮನೆಯವರಿಗೆ ಮೊದಲೇ ತಿಳಿಸಿರಬೇಕು. ಇದನ್ನು ಅಂದಾಜು ಪಟ್ಟಿ ತಯಾರಿಸುವಾಗಲೇ ಸೇರಿಸದಿದ್ದರೆ ಆಮೇಲೆ ಮತ್ತೊಂದು ಠರಾವು, ಮತ್ತೊಂದು ಬಿಲ್ಲು.

ಅಂದಾಜು ಪಟ್ಟಿಯಲ್ಲಿ ಸಾಮಗ್ರಿ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು. ತಂತಿಯ ಅಳತೆ, ಐಎಸ್ಐ ಗುರುತು ಮತ್ತು ಅಲಾರಂ ತಯಾರಾದ ವರ್ಷ ಅದರಲ್ಲಿರಲಿ. ಸದಸ್ಯರೊಬ್ಬರ ಎದುರಿನಲ್ಲಿ ಪರೀಕ್ಷಾ ಗುಂಡಿಯನ್ನು ಒತ್ತಿ, ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೆ ಬ್ಯಾಟರಿಯಿಂದಲೂ ಕೂಗಿಸಿ ತೋರಿಸಿದ ನಂತರವೇ ಹಣ ಪಾವತಿಸುವುದು ಒಳ್ಳೆಯದು.

ದುರಸ್ತಿಯ ಹೆಸರಿನಲ್ಲಿ ಅನಾವಶ್ಯಕ ಖರ್ಚು ಆಗುವುದೂ ಉಂಟು. ಸ್ವಲ್ಪ ಹೊತ್ತಿಗೊಮ್ಮೆ ಚಿಕ್ಕದಾಗಿ ಟಿಕ್ ಎನ್ನುವ ಅಲಾರಂ ಸಾಮಾನ್ಯವಾಗಿ ಕೇಳುತ್ತಿರುವುದು ಹೊಸ ಬ್ಯಾಟರಿಯನ್ನು. ಕಾರಣವಿಲ್ಲದೆ ಕೂಗುತ್ತಿದ್ದರೆ ಒಳಗೆ ಧೂಳು ಅಥವಾ ಸಣ್ಣ ಹುಳು ಸೇರಿರಬಹುದು. ಮೃದುವಾದ ಬ್ರಷ್‌ನಿಂದ ಹೊರಗಿನ ರಂಧ್ರಗಳನ್ನು ಶುಚಿಗೊಳಿಸಿ ನೋಡಬೇಕು. ಸುಣ್ಣ ಬಣ್ಣ ಹೊಡೆಸುವಾಗ ಮುಚ್ಚಿದ ಪ್ಲಾಸ್ಟಿಕ್ ಚೀಲವನ್ನು ತೆಗೆಯಲು ಮರೆತ ಪ್ರಸಂಗಗಳೂ ಇಲ್ಲದಿಲ್ಲ. ತಯಾರಾಗಿ 10 ವರ್ಷ ದಾಟಿದ ಅಲಾರಂ ಅನ್ನು ದುರಸ್ತಿ ಮಾಡಿಸದೆ ಬದಲಿಸುವುದೇ ಲೇಸು. ಗುಂಡಿ ಒತ್ತಿದರೂ ಕೂಗದಿದ್ದರೆ, ಸುಟ್ಟ ವಾಸನೆ ಬಂದರೆ, ಎಂಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ ಮಾತ್ರ ಎಲೆಕ್ಟ್ರಿಷಿಯನ್‌ರನ್ನು ತಡಮಾಡದೆ ಕರೆಸಬೇಕು.

ಅಲಾರಂ ಕೂಗಿದಾಗ ಮೊದಲು ಜನರನ್ನು ಹೊರಗೆ ಕಳುಹಿಸಿ, ಕೈಗೆಟಕುವಂತಿದ್ದರೆ ಮುಖ್ಯ ಸ್ವಿಚ್ಚನ್ನು ಆರಿಸಿ, 101 ಅಥವಾ 112ಕ್ಕೆ ಕರೆಮಾಡಬೇಕು. ವಿದ್ಯುತ್ ಹರಿಯುತ್ತಿರುವಾಗ ನೀರು ಎರಚಬಾರದು. ಅಂಗನವಾಡಿಗಳಲ್ಲಿ ತಿಂಗಳಿಗೊಮ್ಮೆ ಮಕ್ಕಳಿರುವಾಗಲೇ ಪರೀಕ್ಷಾ ಗುಂಡಿ ಒತ್ತಿ ಆ ಸದ್ದನ್ನು ಅವರಿಗೆ ಪರಿಚಯಿಸಿ, ಕೈಹಿಡಿದು ಹೊರಗೆ ಕರೆತರುವ ಅಭ್ಯಾಸ ಮಾಡಿಸಬೇಕು. ಪರೀಕ್ಷಿಸಿದ ದಿನಾಂಕವನ್ನು ಕೇಂದ್ರದ ವಹಿಯಲ್ಲಿ ಬರೆದಿಟ್ಟರೆ, ವಾರ್ಡಿನ ಸದಸ್ಯರು ಭೇಟಿ ನೀಡಿದಾಗ ಅದನ್ನೇ ಮೊದಲು ನೋಡಬಹುದು.