ಮಸ್ತಿಷ್ಕಾವರಣಜ್ವರದಲ್ಲಿ ಕಾರಣನಿರ್ಣಯ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿರುವ ಬಿಳಗಿಯು ಪೂರ್ವದಲ್ಲಿ ಅರಸುಮನೆತನವೊಂದರ ರಾಜಧಾನಿಯಾಗಿದ್ದುದು ಇತಿಹಾಸಜ್ಞರಿಗೆ ವಿದಿತವೇ ಆಗಿದೆ. ಅಡಕೆಯ ತೋಟಗಳೂ ಸೊಪ್ಪಿನ ಬೆಟ್ಟಗಳೂ ತುಂಬಿರುವ ಈ ಸೀಮೆಯ ಜನರು ತರಗೆಲೆಗೂ ಸೌದೆಗೂ ಕಾಡನ್ನು ಹೊಗುವರು. ಅಲ್ಲಿಯ ಉಣುಗುಗಳ ಕಡಿತದಿಂದ ಬರುವ ಮಂಗನ ಕಾಯಿಲೆಯು 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೂ ಅನೇಕರನ್ನು ಬಾಧಿಸಿತು.

ಈ ರೋಗದ ಗತಿಯಲ್ಲಿ ಒಂದು ವಿಶೇಷವುಂಟು. ಮೊದಲ ಜ್ವರವು ಇಳಿದು ಒಂದೆರಡು ವಾರಗಳಾದ ಮೇಲೆ ಕೆಲವರಲ್ಲಿ ಅದು ಮರುಕಳಿಸಿ, ತೀವ್ರವಾದ ತಲೆನೋವು, ಕತ್ತು ಸೆಟೆಯುವಿಕೆ, ನಡುಕ, ಚಿತ್ತಭ್ರಮೆಗಳು ತೋರುವುವು. ಮಿದುಳನ್ನು ಹೊದೆದಿರುವ ಪೊರೆಗಳು ಬ್ಯಾಕ್ಟೀರಿಯಾಗಳಿಂದಾಗಲಿ, ಕ್ಷಯಾಣುಗಳಿಂದಾಗಲಿ, ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದಿಂದಾಗಲಿ ಉರಿಗೊಂಡಾಗಲೂ ಹೆಚ್ಚುಕಡಮೆ ಇವೇ ಲಕ್ಷಣಗಳು. ಮಂಗನ ಕಾಯಿಲೆಗೆ ವಿಶಿಷ್ಟವಾದ ಔಷಧವಿಲ್ಲ, ಶುಶ್ರೂಷೆಯೇ ಚಿಕಿತ್ಸೆ. ಉಳಿದ ಮೂರಕ್ಕೂ ಔಷಧಗಳುಂಟು. ಹೀಗಿರುವಲ್ಲಿ ಕಾಡಂಚಿನ ರೋಗಿಯನ್ನು ಕಂಡೊಡನೆ ಮಂಗನ ಕಾಯಿಲೆಯೆಂದೇ ನಿಶ್ಚಯಿಸಿದರೆ, ಔಷಧವುಳ್ಳ ರೋಗವು ಔಷಧವಿಲ್ಲದುದರ ಹೆಸರಿನಲ್ಲಿ ಅಡಗಿ ಪ್ರಾಣವನ್ನು ಕೊಂಡೊಯ್ಯಬಹುದು.

ಇಂತಹ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುವರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಾಗೆಯೇ ಕತ್ತು ಸೆಟೆಯುವಿಕೆಯಿಂದ ಪೊರೆಗಳ ಬಾಧೆಯನ್ನು ಶಂಕಿಸಬಹುದೇ ಹೊರತು ಅದರ ಕಾರಣವನ್ನು ಸಾಧಿಸಲಾಗದು. ಅನೇಕ ಕಾರಣಗಳಿಗೆ ಸಾಧಾರಣವಾದ ಲಕ್ಷಣವನ್ನು ಬಿಟ್ಟು ಒಂದಕ್ಕೇ ಅಸಾಧಾರಣವಾದ ಲಕ್ಷಣವನ್ನು ಹುಡುಕಬೇಕು. ಪ್ರತಿಯೊಂದು ರೋಗಾಣುವಿನ ವಂಶವಾಹಿಯಲ್ಲಿರುವ ಸ್ವಂತದ ಬರಹವೇ ಅಂತಹ ಲಕ್ಷಣವು.

ಇದನ್ನು ಓದುವ ಕ್ರಮಕ್ಕೆ ಪಿಸಿಆರ್ ಪರೀಕ್ಷೆಯೆಂದು ಹೆಸರು. ವೈದ್ಯನು ರೋಗಿಯ ಸೊಂಟದ ಭಾಗದಲ್ಲಿ ಸೂಜಿಯನ್ನಿಟ್ಟು, ಮಿದುಳು ಬೆನ್ನುಹುರಿಗಳ ಸುತ್ತಣ ದ್ರವವನ್ನು ತೆಗೆಯುವನು. ಅದರಲ್ಲಿ ರೋಗಾಣುವಿನ ವಂಶವಾಹಿಯ ತುಣುಕೊಂದಿದ್ದರೆ ಯಂತ್ರವು ಅದನ್ನು ಮತ್ತೆ ಮತ್ತೆ ಇಮ್ಮಡಿಸುವುದು. ಪ್ರತಿ ಸಲವೂ ಪೂರ್ಣವಾಗಿ ಇಮ್ಮಡಿಯಾದಲ್ಲಿ 30 ಆವೃತ್ತಿಗಳಿಗೆ ಒಂದು ತುಣುಕು 107 ಕೋಟಿಯನ್ನು ಮೀರುವುದು. ಪ್ರಯೋಗಶಾಲೆಯಲ್ಲಿ ಕ್ಷಯಾಣುವನ್ನು ಬೆಳೆಯಿಸಿ ನೋಡಲು ವಾರಗಳು ಬೇಕು; ಎಕ್ಸ್‌ಪರ್ಟ್ ಅಲ್ಟ್ರಾ ಎಂಬ ಪರೀಕ್ಷೆಗೆ ಎರಡು ಗಂಟೆಗಳೊಳಗೆ ಸಾಕು. ಈ ದ್ರವದಲ್ಲಿ ಕ್ಷಯವನ್ನು ಹುಡುಕುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅದನ್ನು ಪ್ರಥಮ ಪರೀಕ್ಷೆಯಾಗಿ ಸೂಚಿಸಿತು. ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರದಲ್ಲಿ ಮಂಗನ ಕಾಯಿಲೆಯನ್ನು ಗುರುತಿಸುವ ಪರೀಕ್ಷೆಯೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಹಯೋಗದಿಂದ ಸಿದ್ಧವಾಗಿದೆ. ವಿದ್ಯುತ್ತು ನಿಲ್ಲುತ್ತಿರುವ, ದೊಡ್ಡ ಆಸ್ಪತ್ರೆಯು ದೂರವಿರುವ ಮಲೆನಾಡಿಗೆ ಇಂತಹ ಸಣ್ಣ ಯಂತ್ರಗಳ ಉಪಕಾರವು ಹಿರಿದು.

ಆದರೆ "ಕಾಣಲಿಲ್ಲ" ಎಂಬ ಫಲವನ್ನು "ಇಲ್ಲ" ಎಂದು ತಿಳಿಯಕೂಡದು. ನೆಲದ ಮೇಲೆ ಗಡಿಗೆ ಕಾಣದಿರುವುದು ಅದರ ಅಭಾವಕ್ಕೆ ಪ್ರಮಾಣವಾಗಬೇಕಾದರೆ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿರಬೇಕು. ಕತ್ತಲೆಯಲ್ಲಿ ಕಾಣದುದರಿಂದ ಏನೂ ಸಿದ್ಧಿಸದು. ಇದೇ ಯೋಗ್ಯಾನುಪಲಬ್ಧಿಯ ನಿಯಮವು. ಕ್ಷಯದ ಬಾಧೆಯಲ್ಲಿ ದ್ರವದೊಳಗೆ ಅಣುಗಳು ಬಹಳ ವಿರಳ; ತೆಗೆದ ದ್ರವವು ಅತ್ಯಲ್ಪವಾದರೆ ಅವು ಸಿಕ್ಕದೆ ಹೋಗುವುವು. ಮಂಗನ ಕಾಯಿಲೆಯ ವೈರಾಣುವು ರಕ್ತದಲ್ಲಿ ಮೊದಲ ದಿನಗಳಲ್ಲಿ ಸಿಕ್ಕುವುದು. ಎರಡನೆಯ ಜ್ವರದ ವೇಳೆಗೆ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಹುಡುಕಬೇಕಾಗುವುದು. ಒಂದು ರೋಗವು ಕಂಡಿತೆಂದ ಮಾತ್ರಕ್ಕೆ ಇನ್ನೊಂದು ಇಲ್ಲವೆಂತಲೂ ಆಗದು.

ಆದಕಾರಣ ಪರೀಕ್ಷೆಗಾಗಿ ಚಿಕಿತ್ಸೆಯು ಕಾಯಬಾರದು. ಬ್ಯಾಕ್ಟೀರಿಯಾಗಳ ಬಾಧೆಯಿರಬಹುದೆಂಬ ಶಂಕೆಯು ಬಲವಾಗಿದ್ದಲ್ಲಿ ಪ್ರತಿಜೀವಕವನ್ನು ಕೂಡಲೇ ಕೊಡಬೇಕು. ಸೂಜಿಯ ಕಾರ್ಯಕ್ಕೆ ತಡವಾಗುವಂತಿದ್ದರೆ ಅದಕ್ಕೂ ಮೊದಲೇ ಕೊಡಬೇಕು. ಔಷಧ ಬಿದ್ದ ಮೇಲೆ ಬ್ಯಾಕ್ಟೀರಿಯಾಗಳು ಬೆಳೆಯದೆ ಹೋದರೂ ಸತ್ತ ಅಣುಗಳ ವಂಶವಾಹಿಯು ಕೆಲಕಾಲ ಉಳಿದಿರುವುದರಿಂದ, ಪಿಸಿಆರ್ ಪರೀಕ್ಷೆಯು ಆಗಲೂ ಕಾರಣವನ್ನು ಹೇಳಬಲ್ಲುದು. ದೂರದ ಊರಿನ ರೋಗಿಗೆ ಇದರಿಂದಾಗುವ ಲಾಭವು ಸಾಮಾನ್ಯವಲ್ಲ: ಮೊದಲ ಔಷಧವನ್ನು ಹತ್ತಿರದ ಆಸ್ಪತ್ರೆಯಲ್ಲಿ ಪಡೆದು ಹೊರಟವನ ಕಾರಣನಿರ್ಣಯವು ತಡವಾಗಿಯಾದರೂ ನಡೆಯುವುದು. ಪ್ರಾಣವನ್ನು ಕಾಯುವುದು ಮೊದಲು, ಹೆಸರಿಡುವುದು ಅನಂತರ. ಆದರೆ ಸರಿಯಾದ ಹೆಸರಿಲ್ಲದೆ ಚಿಕಿತ್ಸೆಯು ಪೂರ್ಣವಾಗದು.