ಸುಣ್ಣಾಂಶದ ಕೊರತೆಯೂ 'ಡಿ' ಜೀವಸತ್ವದ ಔಷಧವೂ

ಫೋರ್ಟಿಗೆ ಆ ಹೆಸರನ್ನಿತ್ತ ಕೋಟೆಯ ಗೋಡೆಗಳು 1860ರ ದಶಕದಲ್ಲಿಯೇ ಉರುಳಿದುವು. ಆದರೂ ಅಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರಿಗೆ ಬಿಸಿಲು ಇಂದಿಗೂ ಗೋಡೆಯ ಹೊರಗಿನ ವಸ್ತುವಾಗಿಯೇ ಉಳಿದಿದೆ. ಹೋಟೆಲಿನ ಅಡುಗೆಯವನು ಸೂರ್ಯೋದಯಕ್ಕೆ ಮೊದಲೇ ಒಲೆಯ ಮುಂದೆ ನಿಲ್ಲುತ್ತಾನೆ. ಗುಮಾಸ್ತನು ಉಪನಗರದಿಂದ ರೈಲು ಹಿಡಿದು ಬಂದು ಸಂಜೆಯವರೆಗೆ ದೀಪದ ಬೆಳಕಿನಲ್ಲಿ ಕುಳಿತಿರುತ್ತಾನೆ. ಕಿಟಕಿಯ ಗಾಜಿನಿಂದ ಬೆಳಕು ಬರುವುದಾದರೂ, ಚರ್ಮದಲ್ಲಿ 'ಡಿ' ಜೀವಸತ್ವವನ್ನು ಹುಟ್ಟಿಸುವ ಕಿರಣಗಳನ್ನು ಗಾಜು ತಡೆದುಬಿಡುತ್ತದೆ.

ಆದುದರಿಂದ ಮೈಕೈ ನೋವೆಂದು ವೈದ್ಯರಲ್ಲಿಗೆ ಹೋದವರು 'ಡಿ' ಜೀವಸತ್ವದ ಚೀಟಿಯೊಂದಿಗೆ ಮರಳುವುದು ಇಂದು ಅಪರೂಪವಲ್ಲ. ಅದು ಯೋಗ್ಯವೇ. ಆದರೆ ಒಂದೇ ಕೋಣೆಯಲ್ಲಿ ಹಲವರು ವಾಸಿಸುವಲ್ಲಿ ಊಟವನ್ನು ಹಂಚಿಕೊಂಡಂತೆ ಔಷಧವನ್ನೂ ಹಂಚಿಕೊಳ್ಳುವುದುಂಟು. ಪ್ರೀತಿಯಿಂದ ನಡೆಯುವ ಈ ಕಾರ್ಯವು ಈ ಔಷಧದ ವಿಷಯದಲ್ಲಿ ಕೇಡಿಗೆ ಕಾರಣವಾಗಬಲ್ಲದೆಂಬುದನ್ನು ನಮ್ಮ ವಾಚಕರ ಗಮನಕ್ಕೆ ತರಲಿಚ್ಛಿಸುತ್ತೇವೆ.

'ಡಿ' ಜೀವಸತ್ವವೆಂದರೆ ಒಂದೇ ಔಷಧವಲ್ಲ. ವಾರಕ್ಕೊಮ್ಮೆ ಸೇವಿಸುವ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯಲ್ಲಿರುವುದು ಕೊಲೆಕ್ಯಾಲ್ಸಿಫೆರಾಲ್. ಇದು ಕಚ್ಚಾ ಸಾಮಗ್ರಿಯಿದ್ದಂತೆ. ಯಕೃತ್ತು ಒಮ್ಮೆ, ಮೂತ್ರಪಿಂಡ ಇನ್ನೊಮ್ಮೆ ಇದನ್ನು ಪರಿವರ್ತಿಸಿದ ಮೇಲೆಯೇ ಕರುಳು ಆಹಾರದ ಕ್ಯಾಲ್ಸಿಯಂ ಅನ್ನು, ಅಂದರೆ ಸುಣ್ಣಾಂಶವನ್ನು, ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀಗೆ ಸಿದ್ಧವಾದ ರೂಪವೇ ಕ್ಯಾಲ್ಸಿಟ್ರಿಯಾಲ್. ಅದರ ರಚನೆಯನ್ನು ವಿಜ್ಞಾನಿಗಳು ಗುರುತಿಸಿದ್ದು 1971ರಲ್ಲಿ. ಅದರ ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು 0.25 ಮೈಕ್ರೋಗ್ರಾಂ ಮಾತ್ರ. 60,000 ಯೂನಿಟ್ಟಿನ ಪುಡಿಯಲ್ಲಿರುವ ಜೀವಸತ್ವವೋ 1,500 ಮೈಕ್ರೋಗ್ರಾಂ. ಅಂಕಿಯನ್ನು ನೋಡಿ ಯಾವುದು ಪ್ರಬಲವೆಂದು ನಿರ್ಣಯಿಸುವವನು ಮೋಸಹೋಗುತ್ತಾನೆ.

ಈ ಸಿದ್ಧರೂಪ ಯಾರಿಗೆ ಬೇಕು? ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಸುಣ್ಣಾಂಶವನ್ನು ಕಾಯುವವು ಇವೇ. ಥೈರಾಯ್ಡಿನ ಶಸ್ತ್ರಕ್ರಿಯೆಯಲ್ಲಿ ಇವಕ್ಕೆ ಪೆಟ್ಟು ಬಿದ್ದರೆ ಮೂತ್ರಪಿಂಡಕ್ಕೆ ಆಜ್ಞೆ ದೊರೆಯದೆ, ಜೀವಸತ್ವದ ಪರಿವರ್ತನೆ ಕುಂಠಿತವಾಗುತ್ತದೆ. ಆಗ ಬಾಯಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಜುಮು, ಕೈಕಾಲುಗಳ ಸೆಡೆತ, ವಿಕೋಪಕ್ಕೆ ಹೋದರೆ ಸೆಳವು, ಹೃದಯಬಡಿತದ ವ್ಯತ್ಯಾಸಗಳುಂಟಾಗಬಹುದು. ಇಂಥವರಿಗೆ ವೈದ್ಯರು ಕ್ಯಾಲ್ಸಿಯಂ ಮಾತ್ರೆಯೊಡನೆ ಕ್ಯಾಲ್ಸಿಟ್ರಿಯಾಲ್ ಕೊಡುತ್ತಾರೆ. ಅದರ ಪ್ರಭಾವ ಕೆಲವೇ ದಿನಗಳದ್ದು. ರಜೆಯಲ್ಲಿ ಊರಿಗೆ ಹೊರಟವನು ಮಾತ್ರೆಯನ್ನು ಮುಂಬಯಿಯಲ್ಲೇ ಮರೆತರೆ, ಅಥವಾ 'ಈಗ ಗುಣವಾಯಿತು' ಎಂದು ತಾನಾಗಿ ಬಿಟ್ಟರೆ, ಸೆಡೆತ ಮರಳಿ ಬರಬಹುದು. ಕೋಣೆಯ ಗೆಳೆಯನ ವಾರದ ಪುಡಿ ಅದಕ್ಕೆ ಬದಲಿಯಾಗಲಾರದು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ವಾರದ ಪುಡಿಯನ್ನು ವೈದ್ಯರು ಸಾಮಾನ್ಯವಾಗಿ ಎಂಟು ವಾರಗಳಿಗೆಂದು ಬರೆಯುತ್ತಾರೆ. ಹಳೆಯ ಚೀಟಿಯನ್ನೇ ತೋರಿಸುತ್ತ ತಿಂಗಳುಗಟ್ಟಲೆ ಮನಬಂದಂತೆ ಸೇವಿಸಿದರೆ, ಈ ಜೀವಸತ್ವವು ದೇಹದ ಕೊಬ್ಬಿನಲ್ಲಿ ಸಂಗ್ರಹವಾಗುತ್ತ ಹೋಗಿ ರಕ್ತದ ಸುಣ್ಣಾಂಶ ಮಿತಿಮೀರಬಹುದು. ಕ್ಯಾಲ್ಸಿಟ್ರಿಯಾಲ್ ಹೆಚ್ಚಾದರೂ ಹೀಗೆಯೇ. ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಮಂಕು ಇದರ ಲಕ್ಷಣಗಳು; ಕಡೆಗೆ ಮೂತ್ರಪಿಂಡಕ್ಕೇ ಹಾನಿ. ಒಲೆಯ ಮುಂದೆ ಬೆವರುವವನು ಬಾಯಾರಿಕೆಯನ್ನು ಸೆಕೆಯ ಮೇಲೆ ಹೊರಿಸಿ ಸುಮ್ಮನಿದ್ದುಬಿಡುವ ಸಂಭವ ಹೆಚ್ಚು.

ಇವೆರಡರ ನಡುವಿನ ಹಾದಿಯನ್ನು ತೋರುವುದು ರಕ್ತಪರೀಕ್ಷೆ. 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಸಹಜ. ಶಸ್ತ್ರಕ್ರಿಯೆಯಾದವರಿಗೆ ಕೆಲವು ವೇಳೆ ಈ ಮಿತಿಯ ಕೆಳ ಅಂಚಿನಲ್ಲಿಯೇ ನಿಲ್ಲಿಸುವುದು ವೈದ್ಯರ ಉದ್ದೇಶವಾಗಿರುತ್ತದೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಒಂದು ದಿನದ ಸಂಬಳ ಹೋದೀತೆಂದು ಪರೀಕ್ಷೆಯನ್ನು ಮುಂದೂಡುವವರ ಕಷ್ಟವನ್ನು ನಾವು ಬಲ್ಲೆವು. ಫೋರ್ಟಿನವರಿಗೆ ಸೇಂಟ್ ಜಾರ್ಜ್, ಗೋಕುಲದಾಸ್ ತೇಜಪಾಲ್ ಸರಕಾರಿ ಆಸ್ಪತ್ರೆಗಳು ಕಾಲ್ನಡಿಗೆಯ ದೂರದಲ್ಲಿವೆ. ಮಾಲೀಕರು ಅರ್ಧ ದಿನದ ಬಿಡುವು ಕೊಟ್ಟರೆ ಅದು ಸಣ್ಣ ಉಪಕಾರವಲ್ಲ.

ಇನ್ನೊಂದು ಮಾತು. ಥೈರಾಯ್ಡಿನ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ನಡುವೆ ನಾಲ್ಕು ಗಂಟೆಗಳಾದರೂ ಇರಬೇಕು. ಒಂದನ್ನು ಎದ್ದೊಡನೆ ಬರಿ ಹೊಟ್ಟೆಯಲ್ಲಿ, ಇನ್ನೊಂದನ್ನು ಮಧ್ಯಾಹ್ನದ ಊಟದೊಡನೆ ಎಂದಿಟ್ಟುಕೊಂಡರೆ ಸುಲಭ.

ಆರೋಗ್ಯವಂತರಿಗೆ ಮೊದಲ ಔಷಧ ಅಂಗಡಿಯಲ್ಲಿಲ್ಲ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿತು. ನೂರು ಗ್ರಾಂ ರಾಗಿಯಲ್ಲಿ ಅದರ ಮೂರನೆಯ ಒಂದು ಪಾಲು ಇದೆ. ಹಾಲು, ಮಜ್ಜಿಗೆ, ಎಳ್ಳು ಉಳಿದುದನ್ನು ತುಂಬಬಲ್ಲುವು. ಮಧ್ಯಾಹ್ನದ ಬಿಡುವಿನಲ್ಲಿ ಓವಲ್ ಅಥವಾ ಆಜಾದ್ ಮೈದಾನದ ಅಂಚಿನಲ್ಲಿ ಕೆಲಹೊತ್ತು ಮೈಗೆ ಬಿಸಿಲು ತಾಗಿಸಿಕೊಳ್ಳುವುದಕ್ಕೆ ಕಾಸೂ ಬೇಡ, ಚೀಟಿಯೂ ಬೇಡ. ಇವುಗಳನ್ನು ಧಾರಾಳವಾಗಿ ಹಂಚಿಕೊಳ್ಳೋಣ. ವೈದ್ಯರು ಒಬ್ಬರ ಹೆಸರಿಗೆ ಬರೆದ ಔಷಧ ಮಾತ್ರ ಆ ಒಬ್ಬರಲ್ಲಿಯೇ ಇರಲಿ.