ಕೊನೆಗಾಲದ ಆರೈಕೆ: ಸಂಶೋಧನೆ ತೋಟದ ಮನೆಗೂ ಬರಬೇಕು

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟದ ಮನೆಗಳು ಊರಿನಿಂದ ದೂರ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಬಾಯಿ ಕ್ಯಾನ್ಸರ್ ಉಲ್ಬಣಿಸಿದವರು, ಲಕ್ವ ಹೊಡೆದು ಹಾಸಿಗೆ ಹಿಡಿದ ಹಿರಿಯರು ಇಂಥ ಮನೆಗಳಲ್ಲೇ ದಿನ ಕಳೆಯುತ್ತಾರೆ. “ಇನ್ನು ಮನೆಗೆ ಕರೆದುಕೊಂಡು ಹೋಗಿ” ಎಂದು ದೊಡ್ಡಾಸ್ಪತ್ರೆ ಹೇಳಿದ ಮೇಲೆ ಅವರ ನೋವನ್ನು ಲೆಕ್ಕವಿಡುವವರು ಅಪರೂಪ. ಲೆಕ್ಕವಿಲ್ಲದ ಕಡೆ ಔಷಧವಾಗಲಿ, ನರ್ಸ್ ಆಗಲಿ ಬರುವುದು ತಡ.

ವಾಸಿಯಾಗದ ಕಾಯಿಲೆಯಲ್ಲಿ ನೋವು, ಉಸಿರಾಟದ ಕಷ್ಟ, ವಾಕರಿಕೆ, ಹಾಸಿಗೆ ಹುಣ್ಣುಗಳನ್ನು ತಗ್ಗಿಸಿ, ರೋಗಿಯ ಮನಸ್ಸಿಗೂ ಮನೆಯವರಿಗೂ ಆಸರೆಯಾಗುವ ಚಿಕಿತ್ಸೆಯೇ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 5.68 ಕೋಟಿ ಜನರಿಗೆ ಇದು ಬೇಕು. ಸಿಗುತ್ತಿರುವುದು ಸುಮಾರು ಶೇ. 14ರಷ್ಟು ಜನರಿಗೆ ಮಾತ್ರ. ಅಗತ್ಯವಿರುವವರಲ್ಲಿ ಶೇ. 78ರಷ್ಟು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಆದರೆ ಈ ಕ್ಷೇತ್ರದ ಸಂಶೋಧನೆಯ ಬಹುಪಾಲು ನಡೆಯುವುದು ಶ್ರೀಮಂತ ದೇಶಗಳಲ್ಲಿ.

ನಮ್ಮಲ್ಲಿ ಆಗಿರುವುದೇನು?

1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಆರಂಭವಾದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯಿಂದ ಕೇರಳದಲ್ಲಿ ಸ್ವಯಂಸೇವಕರ ಜಾಲ ಬೆಳೆಯಿತು. ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ನಡೆಸುವ ಕರುಣಾಶ್ರಯವು ಮಾರತ್ತಹಳ್ಳಿಯಲ್ಲಿ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಗಿ, ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವ ನಿಯಮ ಸರಳವಾಯಿತು. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲೂ ಉಪಶಮನ ಆರೈಕೆ ಸೇರಿದೆ. ಪಟ್ಟಿಯಲ್ಲಿರುವುದು ಹಳ್ಳಿಯ ಹಾಸಿಗೆಯವರೆಗೆ ತಲುಪಿದೆಯೇ ಎಂಬುದನ್ನು ಹೇಳಬಲ್ಲದ್ದು ಅಲ್ಲಲ್ಲೇ ನಡೆಯುವ ಅಧ್ಯಯನ.

ಜೈನ ಮನೆಗಳ ಪ್ರಶ್ನೆಗಳು

ಎಲ್ಲಿಯೋ ನಡೆದ ಅಧ್ಯಯನ ಎಲ್ಲ ಪ್ರಶ್ನೆಗೂ ಉತ್ತರ ಕೊಡಲಾರದು ಎಂಬುದಕ್ಕೆ ಜೈನ ಮನೆಗಳೇ ಉದಾಹರಣೆ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುವುದು ರೂಢಿ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವ್ರತವಿರುವ ಹಿರಿಯರು ರಾತ್ರಿಯ ಮಾತ್ರೆಯನ್ನು ಬಿಟ್ಟರೆ ನಡುರಾತ್ರಿ ನೋವು ಮರುಕಳಿಸುತ್ತದೆ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಗಳಿವೆ. ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಬದಲಿಸುವ, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಗಳೂ ಇವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಆದರೆ ವ್ರತದ ವಿಷಯ ಅವರಿಗೆ ಮೊದಲೇ ತಿಳಿದಿರಬೇಕು. ಅನೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಮೂಲದ ಜೆಲಾಟಿನ್‌ನದು. ಆ ಕಾರಣಕ್ಕೇ ರೋಗಿ ಔಷಧ ನಿರಾಕರಿಸಬಹುದು. ಎಷ್ಟು ಮನೆಗಳಲ್ಲಿ ಹೀಗಾಗುತ್ತಿದೆ, ಯಾವ ಬದಲಿ ಒಗ್ಗುತ್ತದೆ ಎಂಬುದು ಸಂಶೋಧನೆಗೆ ತಕ್ಕ ವಿಷಯ.

ಸಲ್ಲೇಖನ ಮತ್ತು ಉಪಶಮನ

ಇವೆರಡನ್ನೂ ಬೆರೆಸಬಾರದು. ಪರಿಹಾರವಿಲ್ಲದ ರೋಗ, ಮುಪ್ಪು, ಕ್ಷಾಮ, ಉಪಸರ್ಗಗಳು ಒದಗಿದಾಗ ಧರ್ಮಕ್ಕಾಗಿ ದೇಹತ್ಯಾಗ ಮಾಡುವುದನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನವೆನ್ನುತ್ತದೆ. ಅದು ಎಚ್ಚರದ ಮನಸ್ಸಿನಿಂದ ಸ್ವೀಕರಿಸುವ ವ್ರತ. ಉಪಶಮನ ಆರೈಕೆ ಚಿಕಿತ್ಸೆ. ಅದು ಸಾವನ್ನು ಬೇಗ ತರುವುದಿಲ್ಲ, ಮುಂದೂಡುವುದೂ ಇಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನದ ವಿರುದ್ಧ ತೀರ್ಪು ನೀಡಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಆ ವಿವಾದದ ನೆರಳು ನೋವು ನಿವಾರಣೆಯ ಮೇಲೆ ಬೀಳಬೇಕಿಲ್ಲ. ವ್ರತ ತೊಡದ ರೋಗಿ ನೋವು ತಿನ್ನುತ್ತಾ ಮಲಗುವುದು ತಪಸ್ಸಲ್ಲ.

ಆರೈಕೆಯ ಅರಿವಂತೂ ಪರಂಪರೆಗೆ ಹೊಸದಲ್ಲ. ವೈಯಾವೃತ್ಯ ಅಂತರಂಗ ತಪಸ್ಸುಗಳಲ್ಲೊಂದು. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನದಲ್ಲಿರುವ ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ಹೇಳಿ, ಕೆಲಸವನ್ನು ಹಂಚುತ್ತದೆ: ಮೈ ಹೊರಳಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಬಾಗಿಲು ಕಾಯುವವರು ಹೀಗೆ. ಒಬ್ಬರ ಮೇಲೆ ಭಾರ ಬೀಳದಂತೆ ಹಂಚಿಕೊಳ್ಳುವ ಈ ಕ್ರಮವೇ ಇಂದಿನ ಉಪಶಮನ ತಂಡದ ತಿರುಳೂ ಹೌದು. ಆದರೆ ಇಂದು ತೋಟದ ಮನೆಯಲ್ಲಿ ಆ ಎಲ್ಲ ಕೆಲಸ ಒಬ್ಬ ಸೊಸೆಯ ಇಲ್ಲವೇ ಮಗಳ ಪಾಲಿಗೆ ಬಿದ್ದಿರಬಹುದು. ಅವಳ ದಣಿವನ್ನೂ ಅಧ್ಯಯನ ಅಳೆಯಬೇಕು.

ಸಂಶೋಧನೆ ಎಂದರೆ ಲ್ಯಾಬ್ ಅಲ್ಲ

ಇಲ್ಲಿ ಬೇಕಾದ ಅಧ್ಯಯನಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಹಾಸಿಗೆ ಹಿಡಿದವರು ಯಾರೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ನರ್ಸ್ ಪ್ರತಿ ವಾರ ಒಂದೇ ಬಗೆಯ ಪ್ರಶ್ನೆ ಕೇಳಿ ಬರೆದಿಟ್ಟರೆ ಅಧ್ಯಯನ ಶುರುವಾದಂತೆ. ಪ್ರಶ್ನೆ ಮಾತ್ರ ಊರಿನ ಮಾತಿನಲ್ಲಿರಬೇಕು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದರೆ ತಡವರಿಸುವ ಅಜ್ಜಿ, ಹದಿನಾರಾಣೆಯಲ್ಲಿ ಎಷ್ಟಾಣೆ ಎಂದರೆ ತಟ್ಟನೆ ಹೇಳಿಯಾರು. ಇಂಥ ಅಳತೆ ನಂಬಲರ್ಹವೇ ಎಂದು ಪರೀಕ್ಷಿಸುವುದೂ ಸಂಶೋಧನೆಯೇ. ಆಫ್ರಿಕಾದ ಪ್ಯಾಲಿಯೇಟಿವ್ ಕೇರ್ ಸಂಘ ತನ್ನ ಜನರಿಗೆ ಹೊಂದುವ ಪ್ರಶ್ನಾವಳಿಯನ್ನು ಹೀಗೆಯೇ ಪರೀಕ್ಷಿಸಿ ರೂಪಿಸಿಕೊಂಡಿತು.

ಕುಟುಂಬಗಳು ಏನು ಮಾಡಬಹುದು?

ನೋವು ಬಂದ ಹೊತ್ತು, ಕೊಟ್ಟ ಔಷಧ, ನಿದ್ದೆ, ಮಲಬದ್ಧತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಚಿಕಿತ್ಸೆಗೂ ಇದು ನೆರವು. ಅಧ್ಯಯನಕ್ಕೆ ಯಾರಾದರೂ ಬಂದರೆ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಹೆಸರು ಗುಟ್ಟಾಗಿರುತ್ತದೆಯೇ ಎಂದು ಕೇಳಬೇಕು. ಒಲ್ಲೆ ಎನ್ನುವ ಹಕ್ಕು ರೋಗಿಗಿದೆ. ಒಲ್ಲೆ ಎಂದರೂ ಚಿಕಿತ್ಸೆ ನಿಲ್ಲುವಂತಿಲ್ಲ. ಬಸದಿಯ ಸಮಿತಿಗಳು, ಮಹಿಳಾ ಸಮಾಜಗಳು ತಮ್ಮ ಊರಿನಲ್ಲಿ ಹಾಸಿಗೆ ಹಿಡಿದಿರುವವರನ್ನು, ಜಾತಿ ನೋಡದೆ, ಮನೆಯವರ ಒಪ್ಪಿಗೆ ಪಡೆದು ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಆರೈಕೆಗೂ ಅಧ್ಯಯನಕ್ಕೂ ಅದೇ ಮೊದಲ ಪಟ್ಟಿಯಾಗುತ್ತದೆ.